ನಲವತ್ತರ ವಿದ್ಯಾರ್ಥಿನಿಗೆ ಅನ್ನವೆಲ್ಲಿ?

ಮಳೆ ಹಿಂದೆಗೆದ ವರ್ಷಗಳಲ್ಲಿ ಊರ ಗುಡಿಯ ಜಗುಲಿಯ ಮೇಲೆ ಕುಮಾರವ್ಯಾಸ ಭಾರತದ ವಿರಾಟಪರ್ವವನ್ನು ಓದಿಸುವ ಪದ್ಧತಿ ಕನ್ನಡ ನಾಡಿನ ಹಲವು ಕಡೆಗಳಲ್ಲಿ ಇದ್ದುದು ಹಿರಿಯರಿಗೆಲ್ಲ ವಿದಿತವೇ ಆಗಿದೆ. ಕೇಳಿದವರು ಕೀಚಕವಧೆಯನ್ನು ನೆನಪಿನಲ್ಲಿಟ್ಟುಕೊಂಡು ಮನೆಗೆ ಹಿಂದಿರುಗುತ್ತಾರೆ. ಅದಕ್ಕೆ ಮುಂಚೆ ಬರುವ ಒಂದು ಸಣ್ಣ ಸನ್ನಿವೇಶ ಅಷ್ಟಾಗಿ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಹನ್ನೆರಡು ವರ್ಷಗಳ ವನವಾಸದಲ್ಲಿ ಬಳಲಿದ ದ್ರೌಪದಿ ಮತ್ಸ್ಯನಗರವನ್ನು ಹೊಕ್ಕು ರಾಣಿ ಸುದೇಷ್ಣೆಯ ಬಳಿ ಕೆಲಸ ಕೇಳುತ್ತಾಳೆ. ಆಕೆ ಹೇಳಿಕೊಂಡ ಕಸುಬು ಸೈರಂಧ್ರಿಯದು: ತಲೆಗೂದಲನ್ನು ಬಾಚಿ ಕಟ್ಟುವುದು, ಅನುಲೇಪನವನ್ನು ತೇಯುವುದು, ಹೂವಿನ ಮಾಲೆಯನ್ನು ನೇಯುವುದು. ಆ ವೇಳೆಗೆ ಆಕೆ ಐವರು ಪುತ್ರರ ತಾಯಿ. ಆ ಪುತ್ರರು ಕೆಲವು ಕಾಲದಲ್ಲಿಯೇ ಕುರುಕ್ಷೇತ್ರದಲ್ಲಿ ಬಿಲ್ಲು ಹಿಡಿದು ನಿಲ್ಲುವ ಪ್ರಾಯದವರು. ಸುದೇಷ್ಣೆಗೆ ಒಂದು ಆಕ್ಷೇಪ ಹುಟ್ಟಿತೆಂಬುದು ನಿಜ. ಈಕೆಯ ರೂಪವನ್ನು ಕಂಡು ರಾಜನ ಮನಸ್ಸು ಎಲ್ಲಿ ಚಲಿಸುವುದೋ ಎಂಬ ಭಯ ಅದು. ವಯಸ್ಸೆಷ್ಟು ಎಂಬ ಪ್ರಶ್ನೆ ಏಳಲೇ ಇಲ್ಲ. ಹಿಂದೆ ಸತ್ಯಭಾಮೆಯ ಬಳಿಯಲ್ಲಿಯೂ ಪಾಂಡವರ ರಾಣಿಯ ಬಳಿಯಲ್ಲಿಯೂ ದುಡಿದಿದ್ದೇನೆಂದು ಆಕೆ ಹೇಳಿದುದಾಗಿ ವ್ಯಾಸಭಾರತದಲ್ಲಿದೆ. ಕೆಲಸ ಕೊಡುವವರಿಗೆ ಹಿಂದಿನ ಅನುಭವವನ್ನು ತೋರಿಸಬೇಕೆಂಬುದು ಅಂದಿಗೂ ಗೊತ್ತಿದ್ದ ಮಾತೇ.

ಈ ಪ್ರಸಂಗವನ್ನು ಇಲ್ಲಿ ನೆನೆಯುವುದಕ್ಕೆ ಕಾರಣವುಂಟು. ಇಂದು ಕೇಶಾಲಂಕಾರದ ಅಂಗಡಿ ದೊಡ್ಡ ಪಟ್ಟಣಗಳ ವೈಭವವಾಗಿ ಉಳಿದಿಲ್ಲ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿಗೂ ಗಾಜಿನ ಬಾಗಿಲಿನ ‘ಸಲೂನ್’, ‘ಬ್ಯೂಟಿ ಪಾರ್ಲರ್’ ಎಂಬ ಫಲಕಗಳು ತೂಗುತ್ತಿವೆ. ಅಲ್ಲಿ ಕೆಲಸ ಕೇಳಿಕೊಂಡು ಬರುವವರಲ್ಲಿ ಹದಿನೆಂಟರ ಹುಡುಗಿಯರೊಡನೆ ನಲವತ್ತರ ಆಚೀಚಿನ ಸ್ತ್ರೀಯರೂ ಇರುತ್ತಾರೆ. ಗಂಡನನ್ನು ಕಳೆದುಕೊಂಡವರು, ಗಂಡನಿದ್ದೂ ಅವನ ದುಡಿಮೆಯನ್ನು ಕಾಣದವರು, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹತ್ತು ಹದಿನೈದು ವರ್ಷ ಹೊಲಿಗೆಯಂತ್ರದ ಮುಂದೆ ಕುಳಿತು ಬೆನ್ನು ಸೋತವರು, ಮಕ್ಕಳು ಪ್ರೌಢಶಾಲೆಗೆ ಸೇರಿದ ಮೇಲೆ ಹಗಲಿನಲ್ಲಿ ನಾಲ್ಕು ಗಂಟೆ ಬಿಡುವು ದೊರೆತವರು. ಶುಲ್ಕದ ರಿಯಾಯಿತಿಗಾಗಿ ಅರ್ಜಿಯನ್ನು ಹಿಡಿದು ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೆ ನಿಲ್ಲುವ ತಾಯಂದಿರು ಇಂಥವರೇ ಎಂಬುದನ್ನು ಯಾವ ಶಾಲೆಯ ಅಧ್ಯಾಪಕರಿಗೂ ಬಿಡಿಸಿ ಹೇಳಬೇಕಾದುದಿಲ್ಲ. ಮಗನ ವಿದ್ಯೆಗೆ ನೆರವಾಗುವ ಸಂಸ್ಥೆಗಳು ತಾಯಿಯ ವಿದ್ಯೆಯ ವಿಚಾರವನ್ನೂ ಮಾಡತಕ್ಕದ್ದೇ ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಈ ಕಸುಬಿನ ಪೂರ್ವಸ್ಥಿತಿಯನ್ನು ಕೊಂಚ ನೋಡುವುದು ಅವಶ್ಯ. ಸಂಸ್ಕೃತದ ‘ನಾಪಿತ’ ಶಬ್ದ ಹಳಗನ್ನಡದಲ್ಲಿ ‘ನಾವಿದ’ ಎಂದಾಯಿತು. ‘ಹಡಪ’ವೆಂದರೆ ತಾಂಬೂಲದ ಸಂಚಿಯೂ ಹೌದು, ನಾವಿದನ ಉಪಕರಣಗಳ ಚೀಲವೂ ಹೌದು. ಹನ್ನೆರಡನೆಯ ಶತಮಾನದ ಹಡಪದ ಅಪ್ಪಣ್ಣನವರೂ ಅವರ ಪತ್ನಿ ಲಿಂಗಮ್ಮನವರೂ ವಚನಕಾರರಾಗಿ ಪ್ರಸಿದ್ಧರು; ಕ್ಷೌರದ ಕಾಯಕವನ್ನು ನಡೆಸಿಕೊಂಡು ಬಂದಿರುವ ಹಡಪದ ಸಮಾಜವು ಅಪ್ಪಣ್ಣನವರನ್ನು ತನ್ನ ಮೂಲಪುರುಷರೆಂದು ಗೌರವಿಸುತ್ತದೆ. ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, ಹದಿನಾರನೆಯ ಶತಮಾನದ ನಡುಭಾಗದಲ್ಲಿ, ಅಳಿಯ ರಾಮರಾಯನು ಕೊಂಡೋಜನೆಂಬ ನಾವಿದನ ಸೇವೆಗೆ ಮೆಚ್ಚಿ ಆ ಕಸುಬಿನವರ ಮೇಲಿದ್ದ ತೆರಿಗೆಗಳನ್ನು ಬಿಟ್ಟುಕೊಟ್ಟನೆಂದು ಶಾಸನಗಳು ಸಾರುತ್ತವೆ. ಹಳ್ಳಿಯ ಆಯಗಾರರಲ್ಲಿ ಒಬ್ಬನಾಗಿದ್ದ ನಾವಿದನಿಗೆ ಸುಗ್ಗಿಯ ಕಾಲದಲ್ಲಿ ಕಣದಿಂದಲೇ ಕಾಳು ಬರುತ್ತಿತ್ತು. ಅವನ ಮಗ ತಂದೆಯ ಮಗ್ಗುಲಲ್ಲಿ ಕುಳಿತು ಮೊದಲು ಕತ್ತಿಯನ್ನು ಸಾಣೆಗೆ ಹಿಡಿಯುವುದನ್ನೂ, ಬಳಿಕ ಕತ್ತರಿಯನ್ನು ಆಡಿಸುವುದನ್ನೂ, ಕಡೆಗೆ ಗಲ್ಲದ ಮೇಲೆ ಕತ್ತಿಯಿಡುವುದನ್ನೂ ಕಲಿಯುತ್ತಿದ್ದನು. ಅದಕ್ಕೆ ಶುಲ್ಕವಿರಲಿಲ್ಲ, ಪ್ರಮಾಣಪತ್ರವಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಲಿಯುತ್ತಿದ್ದಷ್ಟು ಕಾಲವೂ ಅವನ ಹೊಟ್ಟೆಯನ್ನು ತಂದೆಯ ಆಯದ ಕಾಳೇ ತುಂಬುತ್ತಿತ್ತು. ಆ ವ್ಯವಸ್ಥೆ ಜಾತಿಯ ಬೇಲಿಯೊಳಗಿನದೆಂಬುದನ್ನೂ, ಆ ಬೇಲಿಯೊಳಗಿದ್ದವರು ಪಟ್ಟ ಅವಮಾನವನ್ನೂ ಮರೆಯತಕ್ಕದ್ದಲ್ಲ. ಆದರೆ ಕಲಿಯುವವನ ಊಟದ ಪ್ರಶ್ನೆಯನ್ನು ಅದು ತನ್ನ ರೀತಿಯಲ್ಲಿ ಬಗೆಹರಿಸಿತ್ತು.

ಕಲಿಕೆ ಮನೆಯಿಂದ ಹೊರಬಿದ್ದಾಗ ಆ ಪ್ರಶ್ನೆ ತಾನೇ ತಾನಾಗಿ ಎದ್ದಿತು. ‘ಸಲೂನ್’ ಎಂಬುದು ಫ್ರೆಂಚ್ ಭಾಷೆಯಲ್ಲಿ ಅತಿಥಿಗಳು ಕೂಡುವ ಹಜಾರದ ಹೆಸರು. ಆ ಹೆಸರಿನೊಡನೆ ಬಂಡವಾಳವೂ ಬಂದಿತು, ಕನ್ನಡಿ ಕುರ್ಚಿಗಳೂ ಬಂದವು, ಎಲ್ಲ ಜಾತಿಯ ಎಲ್ಲ ಮತದ ಕೆಲಸಗಾರರೂ ಬಂದರು. ಕಸುಬಿನ ಮೇಲಿದ್ದ ಕೀಳೆಣಿಕೆ ಸ್ವಲ್ಪಮಟ್ಟಿಗೆ ತೊಲಗಿತು. ಅದು ಸಂತೋಷದ ಸಂಗತಿಯೇ. (ಕನ್ನಡದ ಹೆಸರಿಗೆ ಇರದ ಮರ್ಯಾದೆ ಪರಭಾಷೆಯ ಹೆಸರಿಗೆ ಹೇಗೆ ಬಂದಿತೆಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕು.) ಕಲಿಯಬೇಕಾದ ವಿಷಯಗಳೂ ಹೆಚ್ಚಿದವು. ತಲೆಯನ್ನು ಭಾಗಭಾಗವಾಗಿ ಬೈತಲೆ ತೆಗೆದು ಹಿಡಿಯುವುದು, ಕೂದಲನ್ನು ಯಾವ ಕೋನಕ್ಕೆ ಎತ್ತಿ ಕತ್ತರಿಸಿದರೆ ಯಾವ ಆಕಾರ ಬರುವುದೆಂಬ ಲೆಕ್ಕ, ಬಿಸಿಗಾಳಿಯ ಯಂತ್ರದಿಂದ ಒಣಗಿಸಿ ತಿದ್ದುವುದು, ಬಣ್ಣ ಹಚ್ಚುವುದು. ಬಣ್ಣ ಹಚ್ಚುವ ಎರಡು ದಿನ ಮುಂಚೆ ಕಿವಿಯ ಹಿಂದೆ ಒಂದು ತೊಟ್ಟು ಸವರಿ ಚರ್ಮಕ್ಕೆ ಒಗ್ಗುವುದೋ ಇಲ್ಲವೋ ನೋಡುವುದು. ಉಪಕರಣಗಳನ್ನು ಪ್ರತಿಯೊಬ್ಬರಿಗೂ ಶುದ್ಧಿಗೊಳಿಸುವುದು. ಇವುಗಳಲ್ಲಿ ಹುಬ್ಬು ತಿದ್ದುವ ದಾರದ ಕೆಲಸವನ್ನು ಚುರುಕಾದ ಕೈ ಕೆಲವು ವಾರಗಳಲ್ಲಿ ಹಿಡಿದುಕೊಳ್ಳುತ್ತದೆ. ಕತ್ತರಿಯ ಕೆಲಸ ಹಾಗಲ್ಲ. ಅದಕ್ಕೆ ತಲೆಗಳು ಬೇಕು. ಗುಂಗುರು ಕೂದಲಿನ ತಲೆ, ಬಿರುಸು ಕೂದಲಿನ ತಲೆ, ಹೆರಿಗೆಯ ಬಳಿಕ ಉದುರಿ ತೆಳ್ಳಗಾದ ತಲೆ, ಎರಡು ಸುಳಿಯ ತಲೆ. ಬೊಂಬೆಯ ತಲೆಯ ಮೇಲೆ ಕಲಿತವರು ಜೀವಂತ ತಲೆಯ ಮುಂದೆ ನಡುಗುವುದು ಸಹಜ.

ಈ ಅಭ್ಯಾಸದ ತಿಂಗಳುಗಳಲ್ಲಿಯೇ ನಲವತ್ತರ ವಿದ್ಯಾರ್ಥಿನಿ ಸೋಲುತ್ತಾಳೆ. ತರಬೇತಿ ಇಲ್ಲವೆಂದಲ್ಲ. ದಾನದಿಂದಲೂ ಸರ್ಕಾರದಿಂದಲೂ ನಡೆಯುವ ಉಚಿತ ತರಬೇತಿಗಳು ನಮ್ಮ ನಾಡಿನಲ್ಲಿ ಸಾಕಷ್ಟಿವೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರೂ ಎರಡು ಬ್ಯಾಂಕುಗಳೂ ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಊಟ ವಸತಿಗಳೊಡನೆ ಉಚಿತವಾಗಿ ಸ್ವಉದ್ಯೋಗದ ಪಾಠ ಹೇಳಿಕೊಡುವ ಮಾದರಿಯನ್ನು ದೇಶಕ್ಕೇ ಹಾಕಿಕೊಟ್ಟಿತು. 18ರಿಂದ 45 ವರ್ಷದವರೆಗಿನವರಿಗೆ ಎಂಬುದು ಅಲ್ಲಿ ಬಹುಕಾಲದಿಂದ ಬಂದ ನಿಯಮ. ಅಕ್ಷರ ಕಲಿಯದವರಿಗೂ ಅರ್ಧಕ್ಕೆ ಶಾಲೆ ಬಿಟ್ಟವರಿಗೂ ಇರುವ ಜನಶಿಕ್ಷಣ ಸಂಸ್ಥಾನಗಳಲ್ಲಿ 15ರಿಂದ 45. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ನಾಲ್ಕನೆಯ ಹಂತದ ಅಲ್ಪಾವಧಿ ತರಬೇತಿಗೂ ಅದೇ ಗಡಿ. 2014ರಲ್ಲಿ ಹೊರಟ ದೀನದಯಾಳರ ಹೆಸರಿನ ಗ್ರಾಮೀಣ ಕೌಶಲ ಯೋಜನೆಯಲ್ಲಿ ಸಾಮಾನ್ಯ ಗಡಿ 35 ಆಗಿದ್ದು ಸ್ತ್ರೀಯರಿಗೆ 45ರವರೆಗೆ ಸಡಿಲಿಕೆಯುಂಟು. ನಲವತ್ತಾರಕ್ಕೆ ವಿಧವೆಯಾದವಳಿಗೆ ಈ ಬಾಗಿಲುಗಳು ಮುಚ್ಚಿರುತ್ತವೆ ಎಂಬುದು ಒಂದು ದೋಷ. ಅದಕ್ಕಿಂತ ಸೂಕ್ಷ್ಮವಾದ, ಹೆಚ್ಚು ಜನರನ್ನು ತಟ್ಟುವ ದೋಷವೊಂದು ಇದರಾಚೆಗೆ ಇದೆ.

ಪಾಠ ಮುಗಿದ ಬಳಿಕ ಅಂಗಡಿಯಲ್ಲಿ ನಿಂತು ಅಭ್ಯಾಸ ಮಾಡುವವರಿಗೆ ಸರ್ಕಾರದ ಕನ್ನಡದಲ್ಲಿ ‘ಶಿಶಿಕ್ಷು’ ಎಂಬ ಹೆಸರು. ಕಲಿಯಬಯಸುವವರು ಎಂಬುದು ಅದರ ಉದ್ದೇಶಿತ ಅರ್ಥ. ವ್ಯಾಕರಣದ ತಕರಾರನ್ನು ಬದಿಗಿಟ್ಟರೂ ಆ ಪದದಲ್ಲಿ ವಯಸ್ಸಿನ ಸೂಚನೆಯಂತೂ ಇಲ್ಲ. 1961ರ ಶಿಶಿಕ್ಷು ಅಧಿನಿಯಮವೂ ಕನಿಷ್ಠ ವಯಸ್ಸು 14 ಎಂದು ಹೇಳಿ ಸುಮ್ಮನಾಗುತ್ತದೆಯೇ ಹೊರತು ಗರಿಷ್ಠವನ್ನು ಹೇಳುವುದಿಲ್ಲ. ಆದರೆ ಹಣ ಕೊಡುವ ಯೋಜನೆ ಬೇರೆ ಮಾತನ್ನಾಡುತ್ತದೆ. ಶಿಶಿಕ್ಷುವಿನ ವೇತನದಲ್ಲಿ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರವೇ ಭರಿಸುವ ಈ ಯೋಜನೆಯ ಎರಡನೆಯ ಹಂತದಲ್ಲಿ 14ರಿಂದ 35 ವರ್ಷದವರಿಗೆ ಮಾತ್ರ ನೆರವು. ಅಂದರೆ ಪಾಠಕ್ಕೆ 45ರವರೆಗೆ ಅವಕಾಶ, ಅಭ್ಯಾಸದ ನೆರವಿಗೆ 35ರವರೆಗೆ ಮಾತ್ರ! ನಲವತ್ತರವಳು ಉಚಿತವಾಗಿ ಪಾಠ ಕೇಳಿ, ಪ್ರಮಾಣಪತ್ರವನ್ನು ಪಡೆದು, ಅದನ್ನು ಹಿಡಿದು ಅಂಗಡಿಗೆ ಹೋದರೆ ಪಕ್ಕದಲ್ಲಿ ನಿಂತ ಇಪ್ಪತ್ತರ ಹುಡುಗಿಗೆ ದೊರೆಯುವ ನೆರವು ತನಗಿಲ್ಲವೆಂದು ತಿಳಿಯುತ್ತಾಳೆ. ಇನ್ನೊಂದು ತೊಡಕೂ ಇದೆ. ನಾಲ್ವರಿಗಿಂತ ಕಡಿಮೆ ಜನ ದುಡಿಯುವ ಅಂಗಡಿ ಆ ಯೋಜನೆಯ ಲೆಕ್ಕಕ್ಕೇ ಬಾರದು. ಚಿಕ್ಕ ಊರಿನ ಪಾರ್ಲರುಗಳಲ್ಲಿ ಬಹುಪಾಲು ಒಬ್ಬ ಒಡತಿ, ಒಬ್ಬ ಸಹಾಯಕಿ ಇರುವಂಥವು. ಸಣ್ಣ ಊರಿನಲ್ಲಿ ಈ ನೆರವು ಇಪ್ಪತ್ತರವಳಿಗೂ ಸುಲಭವಲ್ಲವೆಂದಾಯಿತು.

ಇಪ್ಪತ್ತರ ಹುಡುಗಿ ನೆರವಿಲ್ಲದಿದ್ದರೂ ಹೇಗೋ ನಿಲ್ಲುತ್ತಾಳೆ. ನೆಲ ಗುಡಿಸಿ, ಬಿದ್ದ ಕೂದಲನ್ನು ಒಟ್ಟುಮಾಡಿ, ಟವಲು ಒಗೆದು, ಒಡತಿಯ ಕೈಗೆ ಬಾಚಣಿಗೆ ನೀಡುತ್ತ ಆರು ತಿಂಗಳು ಕಳೆಯುತ್ತಾಳೆ. ರಾತ್ರಿ ಮನೆಗೆ ಹೋದರೆ ತಾಯಿ ಅನ್ನವಿಕ್ಕುತ್ತಾಳೆ. ನಲವತ್ತರವಳು ಮನೆಗೆ ಹೋದರೆ ಅನ್ನವಿಕ್ಕಬೇಕಾದವಳು ಅವಳೇ! ವಯಸ್ಸಿನ ಅಡ್ಡಿ, ಹಣದ ಅಡ್ಡಿ ಎಂದು ಎರಡಾಗಿ ಹೇಳುವುದು ವಾಡಿಕೆ; ಇವಳ ಪಾಲಿಗೆ ಅವೆರಡೂ ಒಂದೇ ಅಡ್ಡಿ.

ಅಂಗಡಿಯ ಒಡೆಯರ ಮಾತನ್ನೂ ಕೇಳದೆ ತೀರ್ಪು ಹೇಳುವುದು ನ್ಯಾಯವಲ್ಲ. ಬಾಡಿಗೆ, ವಿದ್ಯುತ್ತು, ಬಣ್ಣದ ಡಬ್ಬಿಗಳ ಬೆಲೆ ಇವೆಲ್ಲವುಗಳ ನಡುವೆ ಕಲಿಯುವವರನ್ನು ಸಾಕುವುದು ಅವರಿಗೆ ಭಾರವೇ. ವಯಸ್ಸಾದವರು ತಮಗಿಂತ ಹದಿನೈದು ವರ್ಷ ಕಿರಿಯಳಾದ ಒಡತಿಯಿಂದ ಹೇಳಿಸಿಕೊಳ್ಳಲಾರರು, ಮಗುವಿಗೆ ಜ್ವರವೆಂದು ರಜೆ ಹಾಕುತ್ತಾರೆ, ಕೈ ಪಳಗಿದೊಡನೆ ಮನೆಯಲ್ಲಿಯೇ ಕುರ್ಚಿ ಹಾಕಿಕೊಳ್ಳುತ್ತಾರೆ ಎಂಬುವು ಸಾಮಾನ್ಯವಾಗಿ ಕೇಳಿಬರುವ ದೂರುಗಳು. ದಿನಕ್ಕೆ ಎಂಟು ಹತ್ತು ಗಂಟೆ ನಿಂತೇ ಇರಬೇಕಾದ ಕೆಲಸವಿದು. ಕಾಲಿನ ನರಗಳು ಉಬ್ಬುವುದು, ಭುಜ ಹಿಡಿದುಕೊಳ್ಳುವುದು, ರಾಸಾಯನಿಕಗಳಿಂದ ಕೈಚರ್ಮ ಒಡೆಯುವುದು ಇವೆಲ್ಲ ಉಂಟು. ಇದನ್ನು ಮುಚ್ಚಿಟ್ಟು ನಲವತ್ತೈದರವಳನ್ನು ಈ ಕೆಲಸಕ್ಕೆ ನೂಕುವುದು ಉಪಕಾರವಲ್ಲ. ಆದರೆ ಗಿರಾಕಿಗಳು ಎಳೆಯ ಮುಖಗಳನ್ನೇ ಬಯಸುತ್ತಾರೆ ಎಂಬ ಮಾತಿನಲ್ಲಿ ಅರ್ಧದಷ್ಟೇ ಸತ್ಯವಿದೆ. ತಲೆ ನರೆತು ಕೂದಲು ಉದುರತೊಡಗಿದ ಗೃಹಿಣಿ ಆ ಸಂಕೋಚವನ್ನು ಹೇಳಿಕೊಳ್ಳುವುದು ತನ್ನ ವಯಸ್ಸಿನವಳ ಮುಂದೆ. ಹಾಸಿಗೆ ಹಿಡಿದ ವೃದ್ಧೆಯರ ಜಡೆಗಟ್ಟಿದ ಕೂದಲನ್ನು ಮನೆಗೇ ಹೋಗಿ ಬಿಡಿಸಿ ಕತ್ತರಿಸುವವರು ಬೇಕಾಗಿದ್ದಾರೆ. ಅದಕ್ಕೆ ತಾಳ್ಮೆಯ ಕೈ ಬೇಕು. ಇನ್ನು ಮದುವೆಯ ಮನೆಯ ಮೊಗ್ಗಿನ ಜಡೆ! ಮಲ್ಲಿಗೆಯ ಮೊಗ್ಗುಗಳನ್ನು ಸಾಲುಸಾಲಾಗಿ ಪೋಣಿಸಿ ಜಡೆಯ ಮೇಲೆ ಹೊಲಿದು ಕೂರಿಸುವ ಆ ಕಲೆ ಹಳೆಯ ಮೈಸೂರಿನ ಮನೆಗಳಲ್ಲಿ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಂದುದು. ಅದನ್ನು ಬಲ್ಲವರು ನಲವತ್ತು ಐವತ್ತು ದಾಟಿದವರೇ. ಈ ವಿದ್ಯೆಯನ್ನು ಕೈಯಲ್ಲಿಟ್ಟುಕೊಂಡೇ ಬಂದವಳನ್ನು ಏನೂ ಬಾರದವಳೆಂದು ಎಣಿಸಿ ಮೊದಲ ಪಾಠದಿಂದ ಕೂರಿಸುವುದು ತರಬೇತಿಯವರ ಅವಿವೇಕವೆಂದು ಹೇಳಬೇಕಾಗುತ್ತದೆ.

ಇದು ನಮ್ಮ ದೇಶವೊಂದರ ದೋಷವೆಂದು ಭಾವಿಸುವುದೂ ಸರಿಯಲ್ಲ. ಕೇಶಶಿಲ್ಪದ ಅಭ್ಯಾಸಿಗಳಿಗೆ ಕಾನೂನಿನ ರಕ್ಷಣೆಯಿರುವ ಇಂಗ್ಲೆಂಡಿನಲ್ಲಿಯೂ ಇದೇ ಗಂಟು ಬೇರೆ ರೂಪದಲ್ಲಿ ಬಿದ್ದಿದೆ. 2025ರ ಏಪ್ರಿಲ್ ತಿಂಗಳಲ್ಲಿ ಅಲ್ಲಿ ಅಭ್ಯಾಸಿಗಳಿಗೆ ಗಂಟೆಗೆ 7 ಪೌಂಡ್ 55 ಪೆನ್ಸ್, 21 ತುಂಬಿದ ಕೆಲಸಗಾರರಿಗೆ 12 ಪೌಂಡ್ 21 ಪೆನ್ಸ್ ಕನಿಷ್ಠ ವೇತನವೆಂದು ಗೊತ್ತುಮಾಡಿದರು. 19 ವರ್ಷ ತುಂಬಿದ ಅಭ್ಯಾಸಿಯು ಮೊದಲನೆಯ ವರ್ಷವನ್ನು ಮುಗಿಸಿದ ಕೂಡಲೆ ಆ ವಯಸ್ಸಿಗೆ ಸಲ್ಲುವ ಪೂರ್ಣ ವೇತನವನ್ನು ಕೊಡಬೇಕೆಂಬುದು ಅಲ್ಲಿನ ನಿಯಮ. ಹದಿನಾರರ ಹುಡುಗಿಯನ್ನೂ ನಲವತ್ತರ ಸ್ತ್ರೀಯನ್ನೂ ಒಂದೇ ದಿನ ಕಲಿಕೆಗೆ ಸೇರಿಸಿಕೊಂಡರೆ ಎರಡನೆಯ ವರ್ಷದಲ್ಲಿ ಹಿರಿಯಳಿಗಾಗಿ ಒಡೆಯನು ಗಂಟೆಗೆ ನಾಲ್ಕೂವರೆ ಪೌಂಡಿಗಿಂತ ಹೆಚ್ಚು ತೆರಬೇಕಾಗುತ್ತದೆ. ಹಿರಿಯಳಿಗೆ ನ್ಯಾಯವಾದ ಕೂಲಿ ದೊರೆಯಲೆಂದು ಮಾಡಿದ ನಿಯಮ ಅವಳನ್ನು ಬಾಗಿಲಲ್ಲಿಯೇ ತಡೆಯುತ್ತದೆ. ನಿಯಮವನ್ನು ಕಿತ್ತುಹಾಕಿದರೆ ಅವಳ ಸಂಸಾರ ನಡೆಯದು. ವ್ಯತ್ಯಾಸದ ಹಣವನ್ನು ಮೂರನೆಯವರೊಬ್ಬರು ಭರಿಸದೆ ಈ ಗಂಟು ಬಿಚ್ಚುವುದಿಲ್ಲ. ಇದು ಅಲ್ಲಿಗೂ ಸಲ್ಲುವ ಮಾತು, ಇಲ್ಲಿಗೂ ಸಲ್ಲುವ ಮಾತು.

ಆ ಮೂರನೆಯವರು ಸರ್ಕಾರವೇ ಆಗಲೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಸರ್ಕಾರಗಳು ಸುಮ್ಮನೆ ಕುಳಿತಿವೆ ಎಂದರೆ ಸುಳ್ಳಾಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕರದೂ ಒಂದು. ಅದರಲ್ಲಿ ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯ, ಉಪಕರಣಗಳಿಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿ ಸಾಲ ಉಂಟು. ಕನಿಷ್ಠ ವಯಸ್ಸು 18; ಮೇಲಿನ ಗಡಿ ಇಲ್ಲ. ಪರಂಪರೆಯಿಂದ ಕತ್ತಿ ಹಿಡಿದ, ಹೊಸ ಬಣ್ಣದ ಕೆಲಸಗಳನ್ನು ಕಲಿಯಬಯಸುವ ಐವತ್ತರ ನಾವಿದನಿಗೆ ಇದರಿಂದ ನಿಜವಾದ ಅನುಕೂಲವಿದೆ. ಆದರೆ ಅರ್ಜಿ ಹಾಕುವವರು ಆಗಲೇ ಆ ಕಸುಬಿನಲ್ಲಿ ಸ್ವಂತವಾಗಿ ದುಡಿಯುತ್ತಿರಬೇಕು. ಹೊಸದಾಗಿ ಕಲಿಯ ಹೊರಟವಳಿಗೆ ಅದು ಅಲ್ಲ. ಕರ್ನಾಟಕದ ಉದ್ಯೋಗಿನಿ ಯೋಜನೆ 55 ವರ್ಷದವರೆಗಿನ ಸ್ತ್ರೀಯರಿಗೆ 3 ಲಕ್ಷ ರೂಪಾಯಿವರೆಗೆ ಸಾಲವನ್ನೂ ಅದರಲ್ಲಿ ಸಹಾಯಧನವನ್ನೂ ಕೊಡಿಸುತ್ತದೆ. ಅದು ಅಂಗಡಿ ತೆರೆಯುವವಳಿಗೆ, ಕೈ ಪಳಗಿದವಳಿಗೆ. 2023ರ ಜೂನ್ ತಿಂಗಳಿನಿಂದ ಸ್ತ್ರೀಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತ ಮೇಲೆ ಹಳ್ಳಿಯಿಂದ ಪಟ್ಟಣದ ತರಬೇತಿಗೆ ಬರುವ ವೆಚ್ಚ ತಪ್ಪಿತು. 2025ರ ಸೆಪ್ಟೆಂಬರಿನಲ್ಲಿ ಸಲೂನು ಸೇವೆಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಶೇಕಡಾ 18ರಿಂದ 5ಕ್ಕೆ ಇಳಿಸಿದರು. ರಾಮರಾಯನ ಕಾಲದಿಂದ ಇಂದಿನವರೆಗೆ ಆಳುವವರಿಗೆ ಈ ಕಸುಬಿನ ಮೇಲೆ ಕನಿಕರ ಬಂದಾಗಲೆಲ್ಲ ಮೊದಲು ನೆನಪಾಗುವುದು ತೆರಿಗೆಯೇ ಎಂಬುದು ವಿನೋದದ ಸಂಗತಿ. ಕಲಿತವಳಿಗೆ ಸಾಲವಿದೆ, ಕಲಿಯ ಹೋಗುವವಳಿಗೆ ಬಸ್ಸಿದೆ, ಅಂಗಡಿಗೆ ತೆರಿಗೆಯ ರಿಯಾಯಿತಿಯಿದೆ. ಕಲಿಯುತ್ತಿರುವ ಆ ಕೆಲವು ತಿಂಗಳುಗಳ ಅಕ್ಕಿ ಬೇಳೆಯ ಲೆಕ್ಕ ಮಾತ್ರ ಯಾವ ಕಡತದಲ್ಲಿಯೂ ಸೇರಿಲ್ಲ.

ಈ ಲೆಕ್ಕವನ್ನು ಮೊದಲು ಅರಿತವರು ನಮ್ಮ ನಾಡಿನ ಮಠಗಳು ಎಂಬುದನ್ನು ಸ್ತುತಿಗಾಗಿ ಅಲ್ಲ, ಸಂಗತಿಯೆಂದೇ ಇಲ್ಲಿ ಹೇಳಬೇಕು. ಬಡವರ ಮಕ್ಕಳಿಗೆ ಶಾಲೆಯ ಶುಲ್ಕವನ್ನು ಮಾಫಿ ಮಾಡಿದ ಮಾತ್ರಕ್ಕೆ ಅವರು ಓದುತ್ತಾರೆಂದು ಉಚಿತ ವಿದ್ಯಾರ್ಥಿನಿಲಯಗಳನ್ನು ಕಟ್ಟಿಸಿದ ಹಿರಿಯರು ಭಾವಿಸಲಿಲ್ಲ. ಹಳ್ಳಿಯ ಹುಡುಗ ಪಟ್ಟಣಕ್ಕೆ ಬಂದು ಎಲ್ಲಿ ಮಲಗುವನು, ಏನು ತಿನ್ನುವನು ಎಂಬುದನ್ನು ಅವರು ಮೊದಲು ಕೇಳಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳು ಒಟ್ಟಿಗೆ ದೊರೆತುದು ಈ ತಿಳಿವಳಿಕೆಯಿಂದಲೇ. ಅನ್ನ ಮೊದಲು, ಅಕ್ಷರ ಬಳಿಕ ಎಂಬ ಆ ಕ್ರಮವನ್ನು ಗಮನಿಸಬೇಕು. ಹತ್ತು ವರ್ಷದ ಹುಡುಗನ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿ ಕಂಡ ಸತ್ಯ ಅವನ ತಾಯಿಯ ವಿಷಯದಲ್ಲಿ ಮಸುಕಾಗಿರುವುದೇಕೆ? ವಿದ್ಯಾರ್ಥಿಯೆಂದರೆ ಎಳೆಯ ವಯಸ್ಸಿನವನೆಂಬ ರೂಢಿ ನಮ್ಮ ಮನಸ್ಸಿನಲ್ಲಿ ಅಷ್ಟು ಬಲವಾಗಿದೆ. ಬ್ರಹ್ಮಚರ್ಯವನ್ನು ಮೊದಲನೆಯ ಆಶ್ರಮವೆಂದು ಎಣಿಸಿದವರ ಪ್ರಭಾವ ಇನ್ನೂ ಕಳೆದಿಲ್ಲ. ಶರಣರ ಕಾಲದಲ್ಲಾದರೋ ಸಂಸಾರದಲ್ಲಿದ್ದ, ನಾನಾ ಕಾಯಕಗಳನ್ನು ಮಾಡಿಕೊಂಡಿದ್ದ ಸ್ತ್ರೀಯರು ಅನುಭಾವಿಗಳ ನಡುವೆ ಕುಳಿತು ಕೇಳಿದರು, ಕೇಳಿ ವಚನಗಳನ್ನು ಕಟ್ಟಿದರು.

ಕೈಯಿಂದ ಆಗಬಹುದಾದುದೇನು? ದಾನಿಗಳು ಶಾಲೆಗಳಲ್ಲಿ ದತ್ತಿನಿಧಿಗಳನ್ನಿಡುವುದು ಹಳೆಯ ಸಂಪ್ರದಾಯ. ಗಣಿತದಲ್ಲಿ ಮೊದಲಿಗನಾದವನಿಗೆ ಬಹುಮಾನ, ಕನ್ನಡದಲ್ಲಿ ಮೊದಲಿಗಳಾದವಳಿಗೆ ಪದಕ ಇತ್ಯಾದಿ. ಅವು ಇರಲಿ. ವಿಶ್ವಕರ್ಮ ಯೋಜನೆಯ ದಿನಭತ್ಯ 500 ರೂಪಾಯಿಯನ್ನೇ ಪ್ರಮಾಣವಾಗಿ ಹಿಡಿದರೆ, ತಿಂಗಳಿಗೆ 26 ದಿನಗಳಂತೆ ಮೂರು ತಿಂಗಳ ಅಭ್ಯಾಸಕ್ಕೆ ಒಬ್ಬಳಿಗೆ 39,000 ರೂಪಾಯಿ ಬೇಕು. ಶೇಕಡಾ ಆರೂವರೆ ಬಡ್ಡಿ ದೊರೆಯುವುದಾದರೆ 6 ಲಕ್ಷ ರೂಪಾಯಿಗಳ ಒಂದು ದತ್ತಿ ವರ್ಷಕ್ಕೊಬ್ಬ ತಾಯಿಯನ್ನು ಆ ಕಷ್ಟದ ತಿಂಗಳುಗಳಲ್ಲಿ ದಾಟಿಸಬಲ್ಲುದು. ಹಳೆಯ ವಿದ್ಯಾರ್ಥಿಗಳ ಒಂದು ತಂಡಕ್ಕೆ ಇದು ಮೀರಿದ ಮೊತ್ತವೇನಲ್ಲ. ಇದನ್ನು ಒಡೆಯನ ಕೈಗೆ ಕೊಡದೆ ಕಲಿಯುವವಳ ಕೈಗೇ ವಾರವಾರವೂ ಕೊಡುವುದು ಮೇಲು. ವಯಸ್ಸಿನ ಗಡಿಯನ್ನು ಹಾಕಲೇಬೇಕೆಂದಿದ್ದರೆ ಕೆಳಗಿನ ಗಡಿಯನ್ನು ಹಾಕಲಿ: 35 ದಾಟಿದವರಿಗೆ ಮಾತ್ರ, ಏಕೆಂದರೆ ಅದಕ್ಕಿಂತ ಕಿರಿಯರಿಗೆ ಬೇರೆ ದಾರಿಗಳುಂಟು.

ಕಲಿಸುವವರು ಯಾರೆಂಬ ಪ್ರಶ್ನೆಗೂ ಉತ್ತರ ಹತ್ತಿರದಲ್ಲಿಯೇ ಇದೆ. ಹೊರಗಿನವರು ಬಂದು ತಮ್ಮ ತುತ್ತನ್ನು ಕಸಿಯುತ್ತಾರೆಂಬ ಆತಂಕ ಪರಂಪರೆಯ ಕ್ಷೌರಿಕ ಕುಟುಂಬಗಳಲ್ಲಿ ಇಲ್ಲದಿಲ್ಲ. ದೊಡ್ಡ ಕಂಪನಿಗಳ ಅಂಗಡಿಗಳು ಬಂದ ಮೇಲೆ ಆ ಆತಂಕಕ್ಕೆ ಕಾರಣವೂ ಇದೆ. ಆ ಕುಟುಂಬಗಳ ಹಿರಿಯರನ್ನೇ ಗುರುಗಳಾಗಿ ಕರೆದು, ಹಾಡುಗಾರಿಕೆ ಕಲಿಸುವ ವಿದ್ವಾಂಸರಿಗೆ ಕೊಡುವಂತೆಯೇ ಗೌರವಧನವನ್ನು ಕೊಟ್ಟರೆ, ಕೈಯ ವಿದ್ಯೆಗೆ ಬೆಲೆ ಬಂದಂತಾಗುತ್ತದೆ. ನಮ್ಮಲ್ಲಿ ಮಂಗಳವಾರ ಕ್ಷೌರದ ಅಂಗಡಿಗಳಿಗೆ ರಜೆ ಇರುವುದು ವಾಡಿಕೆ. ಅಂದು ಗುರುಗಳಿಗೂ ಬಿಡುವು, ಕುರ್ಚಿಗಳೂ ಖಾಲಿ. ಸ್ತ್ರೀಯರ ಕೇಶಾಲಂಕಾರವನ್ನು ಕಲಿಸಲು ಊರಿನ ಪಾರ್ಲರಿನ ಒಡತಿಯರಲ್ಲಿ ಒಬ್ಬಿಬ್ಬರು ಒಪ್ಪುವುದು ಕಷ್ಟವಾಗಲಾರದು. ಅವರ ಮಕ್ಕಳೂ ಇಂಥ ಶಾಲೆಗಳಲ್ಲಿಯೇ ಓದುತ್ತಿರುತ್ತಾರಲ್ಲವೆ?

ಉಳಿದುದು ಅಭ್ಯಾಸಕ್ಕೆ ಬೇಕಾದ ತಲೆಗಳು. ಯಾವ ತರಬೇತಿ ಕೇಂದ್ರಕ್ಕೂ ಇಲ್ಲದ ಅನುಕೂಲ ಈ ವಿಷಯದಲ್ಲಿ ವಿದ್ಯಾರ್ಥಿನಿಲಯವುಳ್ಳ ಶಾಲೆಗಳಿಗಿದೆ. ನೂರಾರು ಹುಡುಗರ ಕೂದಲನ್ನು ತಿಂಗಳಿಗೊಮ್ಮೆ ಕತ್ತರಿಸಲೇಬೇಕು. ಅದಕ್ಕಾಗಿ ಹೇಗೂ ಖರ್ಚಾಗುತ್ತಿದೆ. ನುರಿತ ಹಿರಿಯರೊಬ್ಬರು ಪಕ್ಕದಲ್ಲಿ ನಿಂತು ನೋಡಿಕೊಳ್ಳುತ್ತಿರಲು, ಬಾವಿಯ ಕಟ್ಟೆಯ ಬಳಿ ಬೆಂಚುಗಳನ್ನು ಹಾಕಿಸಿ, ಬಿಳಿಯ ಬಟ್ಟೆಗಳನ್ನು ಹುಡುಗರ ಕೊರಳಿಗೆ ಕಟ್ಟಿ, ಈ ತಾಯಂದಿರ ಕೈಗೆ ಕತ್ತರಿಗಳನ್ನು ಕೊಡಬಹುದು. ಮೊದಲ ತಿಂಗಳಲ್ಲಿ ಕೆಲವು ತಲೆಗಳು ಅಂಕುಡೊಂಕಾದಾವು, ತರಗತಿಯಲ್ಲಿ ನಗೆಯೂ ಎದ್ದೀತು. ಹುಡುಗರ ಕೂದಲು ಹದಿನೈದು ದಿನಗಳಲ್ಲಿ ಬೆಳೆದು ಅದನ್ನು ಮುಚ್ಚಿಬಿಡುತ್ತದೆ.